ಕಮಿತಾನಿಯ ಮರದ ಮಂದಿ

ಗುಲಾಬಿಯವರು ಏನು ಕೆಲಸ ಮಾಡುತ್ತಾರೆಂದು ರಾಕ್‌ವಿಲ್‌ನ ಕನ್ನಡದವರಲ್ಲಿ ಸರಿಯಾಗಿ ಹೇಳಬಲ್ಲವರು ಕಡಿಮೆ ಇದ್ದರು. ಯುಗಾದಿ ಊಟದ ಸಾಲಿನಲ್ಲಿ ಯಾರಾದರೂ ಕೇಳಿದರೆ "ಮರ ಒಣಗಿಸುದು" ಎಂದು ನಗುತ್ತಿದ್ದರು. ಕೇಳಿದವರು ತಮಾಷೆ ಎಂದುಕೊಂಡು ಕೋಸಂಬರಿಯ ಕಡೆಗೆ ಸರಿಯುತ್ತಿದ್ದರು. ಅದು ತಮಾಷೆಯಾಗಿರಲಿಲ್ಲ. ಸಾವಿರಾರು ವರ್ಷ ನೀರಿನಲ್ಲಿ ನೆನೆದ ಮರವನ್ನು ಅದರ ಆಕಾರ ಕೆಡದ ಹಾಗೆ ಒಣಗಿಸುವುದೇ ಅವರ ವಿದ್ಯೆ.

ಮೂಡುಬಿದಿರೆಯ ಒಂದು ಸಾಮಿಲ್ಲಿನಲ್ಲಿ ಅವರ ತಂದೆ ದೂಮಪ್ಪ ಮೇಸ್ತ್ರಿಯಾಗಿದ್ದರು. ಗರಗಸದ ಪುಡಿಯ ನಡುವೆ ಬೆಳೆದ ಹುಡುಗಿ ರಸಾಯನಶಾಸ್ತ್ರ ಓದಿ, ಬೆಂಗಳೂರಿನಲ್ಲಿ ಮರದ ಸಂಶೋಧನೆ ಮಾಡಿ, ಮದುವೆಯಾದ ಮೇಲೆ ಗಂಡ ಹರಿಪ್ರಸಾದರ ಜೊತೆ ಮೇರಿಲ್ಯಾಂಡಿಗೆ ಬಂದರು. ಹರಿಪ್ರಸಾದ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆ ನೋಡಿಕೊಳ್ಳುತ್ತಿದ್ದರು. ಗುಲಾಬಿಗೆ ರಾಕ್‌ವಿಲ್‌ನಲ್ಲೇ ಒಂದು ಸಣ್ಣ ಖಾಸಗಿ ಸಂರಕ್ಷಣಾ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ವಸ್ತುಸಂಗ್ರಹಾಲಯಗಳು, ವಿಶ್ವವಿದ್ಯಾಲಯಗಳು ಕಳಿಸುವ ಮುಳುಗಿದ ದೋಣಿಯ ಹಲಗೆ, ಬಾವಿಯ ಚೌಕಟ್ಟು, ಇಂಥವೆಲ್ಲ ಅವರ ಮೇಜಿಗೆ ಬರುತ್ತಿದ್ದವು. ಮಕ್ಕಳಿರಲಿಲ್ಲ. ಇಬ್ಬರೂ ಅದರ ಬಗ್ಗೆ ಮಾತಾಡುವುದನ್ನು ಎಂದೋ ಬಿಟ್ಟಿದ್ದರು.

2002ರ ವಸಂತದಲ್ಲಿ ಲ್ಯಾಬು ಅವರನ್ನು ಜಪಾನಿಗೆ ಕಳಿಸಿತು. ಪಶ್ಚಿಮದ ಸಮುದ್ರದ ಕಡೆ ಕಮಿತಾನಿ ಎಂಬ ಕಣಿವೆಯ ಊರು. ಅಲ್ಲಿ ಜಪಾನಿನ ಹಳೆಯ ಶಿಂತೊ ಧರ್ಮದ ಒಂದು ಚಿಕ್ಕ ಗುಡಿ. ಎರಡು ಕಂಬದ ಬಾಗಿಲು ದಾಟಿದರೆ ದೊಡ್ಡ ದೇವದಾರು ಮರಗಳು, ಆಚೆ ಮುಚ್ಚಿದ ಬಾಗಿಲಿನ ಮರದ ಗುಡಿ. ಒಳಗಿನ ದೇವರನ್ನು ಯಾರೂ ನೋಡುವ ಪದ್ಧತಿಯಿಲ್ಲ. ಗುಡಿಯ ಹಿಂದಿನ ತೊರೆಗೆ ತಡೆಗೋಡೆ ಕಟ್ಟಲು ಅಗೆದಾಗ ಬೂದು ಬಣ್ಣದ ಜೇಡಿಯಲ್ಲಿ ಕಪ್ಪು ಮರ ಕಂಡಿತ್ತು. ಕೆಲಸ ನಿಲ್ಲಿಸಿ ಉತ್ಖನನ ಶುರುಮಾಡಿದರು. ಈಗಿನ ಗುಡಿಗಿಂತ ಬಹಳ ಹಳೆಯ ಗುಡಿಯೊಂದರ ಕಂಬದ ಬುಡಗಳು ಸಿಕ್ಕವು, ಒಬ್ಬರ ತೋಳಿಗೆ ಸಿಗದಷ್ಟು ದಪ್ಪ. ಅದರ ಪಕ್ಕದಲ್ಲೇ ತೊರೆಯ ಹಳೆಯ ಪಾತ್ರ. ಆ ಪಾತ್ರದ ತುಂಬ ಮರದ ಮನುಷ್ಯರು.

ಅಂಗೈಯಷ್ಟು, ಕೆಲವು ಮೊಣಕೈಯಷ್ಟು ಉದ್ದದ ತೆಳು ಹಲಗೆಯ ಗೊಂಬೆಗಳು ಅವು. ತಲೆ, ಕತ್ತು, ಎರಡು ಕಾಲು, ಅಷ್ಟೇ. ಜೊತೆಗೆ ಪುಟ್ಟ ದೋಣಿಗಳು, ಒಂದು ಕುದುರೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ ಆ ಊರಿನವರು ತಮ್ಮ ಕಾಯಿಲೆ, ದುಃಖ, ಮೈಲಿಗೆಗಳನ್ನು ಗೊಂಬೆಯ ಮೇಲೆ ಉಜ್ಜಿ, ಅದಕ್ಕೆ ಉಸಿರು ಊದಿ, ನೀರಿಗೆ ಬಿಡುತ್ತಿದ್ದರಂತೆ. ಕೆಲವು ಗೊಂಬೆಗಳ ಮೇಲೆ ಶಾಯಿಯ ಗುರುತು ಇನ್ನೂ ಇತ್ತು. ಹೊಟ್ಟೆನೋವಿನವರು ಹೊಟ್ಟೆಯ ಮೇಲೆ, ಕಾಲುನೋವಿನವರು ಕಾಲಿನ ಮೇಲೆ ಬಳಿದಿದ್ದರು. ಒಂದಕ್ಕೆ ಎರಡು ಕಣ್ಣುಗಳನ್ನೂ ಕಪ್ಪು ಮಾಡಲಾಗಿತ್ತು.

ಗುಲಾಬಿ ಗುಂಡಿಯ ಮೇಲೆ ಅಡ್ಡ ಹಾಕಿದ ಹಲಗೆಯಲ್ಲಿ ಬೋರಲು ಮಲಗಿ ಕೆಲಸ ಮಾಡುತ್ತಿದ್ದರು. ಕಬ್ಬಿಣ ತಾಗಿದರೆ ಮರ ಗೀರುತ್ತದೆ, ಆದ್ದರಿಂದ ಬಿದಿರಿನ ಚೂರಿ. ಗಾಳಿ ತಾಗಿದರೆ ಒಣಗುತ್ತದೆ, ಆದ್ದರಿಂದ ಬಿಡದೆ ನೀರು ಚಿಮುಕಿಸಬೇಕು. ಆ ಮರ ನೋಡಲು ಗಟ್ಟಿ, ಆದರೆ ಒಳಗಿನ ಸತ್ವವೆಲ್ಲ ಕರಗಿ ಹೋಗಿ ನೀರೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಹಾಗೇ ಬಿಸಿಲಿಗಿಟ್ಟರೆ ಬಾಳೆಯ ಸಿಪ್ಪೆಯಂತೆ ಮುರುಟಿಕೊಳ್ಳುತ್ತದೆ.

ಪ್ರತಿ ದಿನ ಒಬ್ಬ ಮುದುಕಿ ಬಂದು ಹಗ್ಗದ ಆಚೆ ನಿಲ್ಲುತ್ತಿದ್ದಳು. ತೋಮೆ ಎಂದು ಹೆಸರು. ಗುಡಿಯ ಅಂಗಳ ಗುಡಿಸುವುದು ತಲೆಮಾರುಗಳಿಂದ ಅವರ ಮನೆತನದ ಪಾಲು. ಉತ್ಖನನದ ಮುಖ್ಯಸ್ಥ ಮೊರಿಕಾವಾ ಒಂದು ದಿನ ಅವಳ ಮಾತನ್ನು ಗುಲಾಬಿಗೆ ಇಂಗ್ಲಿಷಿನಲ್ಲಿ ಹೇಳಿದರು. "ಇವುಗಳನ್ನು ಹೊಳೆಗೆ ಬಿಟ್ಟಾಗಿದೆ, ವಾಪಸ್ ತರಬಾರದು ಅನ್ನುತ್ತಿದ್ದಾಳೆ. ಒಬ್ಬೊಬ್ಬರ ನೋವು ಒಂದೊಂದರಲ್ಲಿ ಇದೆಯಂತೆ."

ಗುಲಾಬಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಹಾಕಿದ ತೆಂಗಿನಕಾಯಿಯನ್ನು ಸುತ್ತು ಬಳಸಿ ದಾಟುವ ಊರಿನವರು ಅವರು. ಆದರೂ ಬಿದಿರಿನ ಚೂರಿ ಕೆಳಗಿಡಲಿಲ್ಲ.

ಜಪಾನಿನ ಸಂರಕ್ಷಣಾ ಕೇಂದ್ರಗಳಲ್ಲಿ ಸರದಿ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. ಒಂದು ಪಾಲನ್ನು ರಾಕ್‌ವಿಲ್‌ನ ಲ್ಯಾಬಿಗೆ ಕಳಿಸುವುದೆಂದು ಮಾತಾಯಿತು. ಊರಿನವರು ಒಪ್ಪಲಿಲ್ಲ. ಮೊರಿಕಾವಾ ಊರ ಸಭೆಯಲ್ಲಿ ಎದ್ದು ನಿಂತು ಗುಲಾಬಿಯನ್ನು ತೋರಿಸಿ, ಈಕೆ ಇವನ್ನು ಹೇಗಿವೆಯೋ ಹಾಗೇ ತಂದು ಕೊಡುತ್ತಾರೆ, ಅದಕ್ಕೆ ನಾನು ಹೊಣೆ ಎಂದರು. ಗುಲಾಬಿ ತಲೆ ಬಾಗಿಸಿದರು, ಊರಿನವರು ಒಪ್ಪಿದರು. ತೋಮೆ ಮಾತ್ರ ಚಾಪೆಯನ್ನೇ ನೋಡುತ್ತಾ ಕೂತಿದ್ದಳು.

ಅವರು ರಾಕ್‌ವಿಲ್‌ಗೆ ಹಿಂತಿರುಗಿದ ಕೆಲವೇ ತಿಂಗಳಲ್ಲಿ ಹರಿಪ್ರಸಾದರ ಕಣ್ಣು ಕೈಕೊಡಲು ಶುರುವಾಯಿತು. ಹಳೆಯ ಸಕ್ಕರೆ ಕಾಯಿಲೆ ಕಣ್ಣಿನ ಹಿಂದೆ ರಕ್ತ ಸೋರಿಸುತ್ತಿತ್ತು. ಲೇಸರ್ ಆಯಿತು, ಶಸ್ತ್ರಚಿಕಿತ್ಸೆ ಆಯಿತು. ಮೊದಲು ಕಾರು ಬಿಟ್ಟರು, ಆಮೇಲೆ ಕೆಲಸ. ಗುಲಾಬಿ ಬೆಳಿಗ್ಗೆ ಅವರಿಗೆ ತಿಂಡಿ ಬಡಿಸಿ, ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಹೇಳಿ ಲ್ಯಾಬಿಗೆ ಹೋಗುತ್ತಿದ್ದರು. ಅಲ್ಲಿ ತೊಟ್ಟಿಯಲ್ಲಿ ಮರದ ಮಂದಿ ಮೇಣದಂಥ ದ್ರಾವಣ ಹೀರಿಕೊಳ್ಳುತ್ತಾ ಮಲಗಿರುತ್ತಿದ್ದರು. ಕಪ್ಪು ಕಣ್ಣಿನ ಗೊಂಬೆಯನ್ನು ಮಗುಚಿ ಹಾಕುವಾಗ ಗುಲಾಬಿಯ ಕೈ ಪ್ರತಿ ಸಲವೂ ಒಂದು ಗಳಿಗೆ ತಡೆಯುತ್ತಿತ್ತು.

ದ್ರಾವಣದಲ್ಲಿ ವರ್ಷ ಕಳೆದ ಮೇಲೆ ಗೊಂಬೆಗಳನ್ನು ಹೆಪ್ಪುಗಟ್ಟಿಸಿ, ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿಡುವುದು ಕೊನೆಯ ಘಟ್ಟ. ಅಲ್ಲಿ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ. ನಡುವೆ ಕರಗಿತೋ, ಎಲ್ಲ ಹೋಯಿತು. ಆ ಘಟ್ಟದ ನಟ್ಟನಡುವೆ, 2003ರ ಸೆಪ್ಟೆಂಬರಿನಲ್ಲಿ, ಇಸಬೆಲ್ ಚಂಡಮಾರುತ ಕೆರೊಲೈನಾದ ಕರಾವಳಿಗೆ ಅಪ್ಪಳಿಸಿ ಉತ್ತರಕ್ಕೆ ಏರಿತು.

ಬೆಳಿಗ್ಗೆ ಎದ್ದಾಗ ಬೀದಿಯ ಓಕ್ ಮರಗಳು ತಂತಿಗಳ ಮೇಲೆ ಮಲಗಿದ್ದವು. ಮನೆಯಲ್ಲಿ ಕರೆಂಟಿರಲಿಲ್ಲ. ಗಂಡನನ್ನು ಒಬ್ಬರೇ ಬಿಡಲು ಮನಸ್ಸಾಗದೆ ಗುಲಾಬಿ ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಲ್ಯಾಬಿಗೆ ಹೋದರು. ಕಟ್ಟಡದ ಜನರೇಟರ್ ರಾತ್ರಿ ಸ್ವಲ್ಪ ಹೊತ್ತು ಓಡಿ ನಿಂತುಬಿಟ್ಟಿತ್ತು. ಲ್ಯಾಬಿನ ನಿರ್ದೇಶಕರು ಕ್ಯಾಲಿಫೋರ್ನಿಯಾದಲ್ಲಿದ್ದರು, ಅವರ ಫೋನು ಹತ್ತಲಿಲ್ಲ. ಉಕ್ಕಿನ ಪೆಟ್ಟಿಗೆಯ ಉಷ್ಣತೆ ತೋರಿಸುವ ಮೀಟರಿನ ಮುಳ್ಳು ಸೊನ್ನೆಯ ಕಡೆಗೆ ಏರುತ್ತಿತ್ತು.

ಗುಲಾಬಿ ಬಾಗಿಲು ತೆರೆದರು. ಮೇಲಿನ ತಟ್ಟೆಯ ತೆಳು ಗೊಂಬೆಗಳ ಅಂಚು ಆಗಲೇ ಬೆವರಿತ್ತು.

"ಎಂತಾಯ್ತು?" ಎಂದರು ಹರಿಪ್ರಸಾದ, ಗೋಡೆಗೆ ಕೈಯೂರಿ ನಿಂತು.

"ಕರಗ್ತಾ ಉಂಟು. ಡ್ರೈ ಐಸ್ ಬೇಕು. ಈಗಲೇ ಬೇಕು."

ಜನರ ಫ್ರೀಜರಿನಲ್ಲಿದ್ದದ್ದು ಕೆಡದಿರಲೆಂದು ವಿದ್ಯುತ್ ಕಂಪನಿಯವರು ಒಂದು ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಲಾಟಿನಲ್ಲಿ ಲಾರಿ ನಿಲ್ಲಿಸಿ ಡ್ರೈ ಐಸ್ ಹಂಚುತ್ತಿದ್ದಾರೆಂದು ಕಾರಿನ ರೇಡಿಯೋ ಹೇಳುತ್ತಿತ್ತು. ಅವರು ತಲುಪುವಷ್ಟರಲ್ಲಿ ಸಾಲು ಕಟ್ಟಡವನ್ನು ಸುತ್ತಿಕೊಂಡಿತ್ತು. ಮನೆಗೊಂದು ಚೀಲ ಎಂದು ಒಬ್ಬಾತ ಕೂಗಿ ಹೇಳುತ್ತಿದ್ದ. ಗಂಡನ ಮೊಣಕೈ ಹಿಡಿದುಕೊಂಡು ಗುಲಾಬಿ ಸಾಲಿನಲ್ಲಿ ನಿಂತರು. ಬಿಸಿಲು ಏರಿತು. ಸಾಲು ಸರಿಯಿತು. ಅವರ ಕೈಗೆ ಚೀಲ ಕೊಟ್ಟ ಹುಡುಗ ಹಿಂದೆ ತಿರುಗಿ ಲಾರಿಯೊಳಗೆ ನೋಡಿ, ಎರಡೂ ಕೈ ಎತ್ತಿ ಮುಗಿಯಿತು ಎಂದು ತೋರಿಸಿದ.

ಗುಲಾಬಿ ಚೀಲವನ್ನು ಎದೆಗವಚಿಕೊಂಡು ನಡೆದರು. ಹರಿಪ್ರಸಾದ ನಿಂತುಬಿಟ್ಟರು.

"ಯಾರೋ ಅಳ್ತಾ ಇದ್ದಾರೆ."

ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದ ಹೆಂಗಸು ಖಾಲಿ ಐಸ್ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಕಟ್ಟೆಯ ಮೇಲೆ ಕೂತಿದ್ದಳು. ಚಿಕ್ಕ ಪ್ರಾಯ. ಅವಳ ಮಗು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ತಾನು ಹಿಂಡಿ ಕೂಡಿಟ್ಟ ಎದೆಹಾಲೆಲ್ಲ ಮನೆಯ ಫ್ರೀಜರಿನಲ್ಲಿದೆ, ಈಚೆಗೆ ಹಾಲು ಬರುವುದು ನಿಂತಿದೆ ಎಂದು ಹರಿಪ್ರಸಾದ ಕೇಳಿದ್ದಕ್ಕೆ ಹೇಳಿದಳು. ಬೇಡುವ ಧ್ವನಿಯಲ್ಲಲ್ಲ, ಸುಮ್ಮನೆ.

"ಬನ್ನಿ ಮಾರ್ರೆ," ಎಂದರು ಗುಲಾಬಿ. "ನಮಗೆ ಹೊತ್ತಿಲ್ಲ."

"ಗುಲಾಬಿ."

"ಇದು ನನ್ನದಲ್ಲ ಕೊಡ್ಲಿಕ್ಕೆ. ನಾನು ಅವರಿಗೆ ಮಾತು ಕೊಟ್ಟದ್ದು. ನಿಮಗೆ ಗೊತ್ತುಂಟಲ್ಲ."

ಹರಿಪ್ರಸಾದ ಹೆಂಡತಿಯ ತೋಳು ಹಿಡಿದು ಕಾರಿನ ತನಕ ಬಂದರು. ಗುಲಾಬಿ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟು, ಸ್ಟೀರಿಂಗ್ ಹಿಡಿದು ಕೂತರು. ಕೀಲಿ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ಇಳಿದು, ಚೀಲವನ್ನು ಹೊತ್ತು ವಾಪಸ್ ಹೋಗಿ, ಅದನ್ನು ಕಟ್ಟೆಯ ಅಂಚಿಗೆ ಬಡಿದು ಒಡೆದರು. ಅರ್ಧವನ್ನು ಆ ಹೆಂಗಸಿನ ಪೆಟ್ಟಿಗೆಗೆ ಸುರಿದರು. ಅವಳು ಏನೋ ಹೇಳಲು ಬಂದಳು. ಗುಲಾಬಿ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅವರಿಗೆ ಅವಳ ಮೇಲೆ ಸಿಟ್ಟು ಬಂದಿತ್ತು.

ಲ್ಯಾಬಿನ ಲ್ಯಾಂಡ್‌ಲೈನ್ ಇನ್ನೂ ಜೀವಂತವಿತ್ತು. ಗುಲಾಬಿ ನೆನಪಿಗೆ ಬಂದವರಿಗೆಲ್ಲ ಫೋನ್ ಮಾಡಿದರು. ಎಲಿಕಾಟ್ ಸಿಟಿಯಲ್ಲಿ ಕರೆಂಟಿಲ್ಲ, ಜರ್ಮನ್‌ಟೌನಿನಲ್ಲಿ ಇಲ್ಲ. ವರ್ಜೀನಿಯಾದ ಆಲ್ಡಿಯಲ್ಲಿ ಹೊಸ ಬಡಾವಣೆಯೊಂದರಲ್ಲಿದ್ದ ಶೇಷಾದ್ರಿ, ವೇದಾ ದಂಪತಿಯ ಮನೆಯಲ್ಲಿ ಇತ್ತು. ಅಲ್ಲಿ ತಂತಿಗಳೆಲ್ಲ ನೆಲದೊಳಗೆ.

"ಗರಾಜ್‌ನಲ್ಲಿ ದೊಡ್ಡ ಫ್ರೀಜರ್ ಇದೆ ಗುಲಾಬಿ ಅವ್ರೇ," ಎಂದರು ವೇದಾ. "ಫುಲ್ ಆಗಿದೆ. ಖಾಲಿ ಮಾಡ್ತೀನಿ, ನೀವು ಹೊರಡಿ. ಡ್ರೈವ್ ಮಾಡೋವಾಗ ಹುಷಾರು, ಎಲ್ಲಾ ಸಿಗ್ನಲ್‌ಗಳೂ ಔಟ್ ಅಂತೆ."

ಲ್ಯಾಬಿನಲ್ಲಿ ತಂಪು ಹಿಡಿದಿಡುವ ಎರಡು ಪಿಕ್‌ನಿಕ್ ಪೆಟ್ಟಿಗೆಗಳಿದ್ದವು. ಇದ್ದ ಐಸು ಒಂದಕ್ಕೆ ಮಾತ್ರ ಸಾಕು. ಎರಡಕ್ಕೂ ಹಂಚಿದರೆ ಎರಡೂ ಉಳಿಯುವುದಿಲ್ಲವೆಂಬುದು ಗುಲಾಬಿಗೆ ಲೆಕ್ಕ ಹಾಕದೆಯೂ ತಿಳಿದಿತ್ತು. ಯಾವುದು ಯಾವುದರೊಳಗೆ ಎಂಬುದನ್ನು ಈಗ ಅವರೊಬ್ಬರೇ ನಿರ್ಧರಿಸಬೇಕಿತ್ತು. ಇಡೀ ಉತ್ಖನನದಲ್ಲಿ ಹೆಸರಾದ ವಸ್ತು ಕುದುರೆ. ಪತ್ರಿಕೆಗಳಲ್ಲಿ ಅದರ ಚಿತ್ರ ಬಂದಿತ್ತು. ಲ್ಯಾಬಿನ ನಿಯಮದಂತೆ ಮೊದಲು ಉಳಿಸಬೇಕಾದದ್ದು ಅದನ್ನೇ.

ಗುಲಾಬಿ ಶಾಯಿಯ ಗುರುತಿದ್ದ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಐಸಿನ ಮೇಲಿಟ್ಟರು. ಹೊಟ್ಟೆಯವರು, ಕಾಲಿನವರು, ಎದೆಯವರು, ಕಣ್ಣಿನವರು. ಪೆಟ್ಟಿಗೆ ತುಂಬಿತು. ಗುರುತಿಲ್ಲದ ಗೊಂಬೆಗಳು, ದೋಣಿಗಳು, ಕುದುರೆ, ಇವನ್ನು ಟವೆಲಿನಲ್ಲಿ ಸುತ್ತಿ ಇನ್ನೊಂದರಲ್ಲಿಟ್ಟರು. ಯಾಕೆ ಹಾಗೆ ಮಾಡಿದಿರಿ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಅವರು ಕೊಟ್ಟ ಉತ್ತರ ಒಂದೇ. "ಅವರಿಗೆ ಕಾಯಿಲೆ ಇತ್ತು."

ಆಲ್ಡಿಗೆ ಸಾಮಾನ್ಯ ದಿನಗಳಲ್ಲಿ ಒಂದು ಗಂಟೆಯ ದಾರಿ. ಆ ದಿನ ಮಧ್ಯಾಹ್ನವೆಲ್ಲ ದಾರಿಯಲ್ಲೇ ಕಳೆಯಿತು. ಎಲ್ಲಿ ತಿರುಗಿದರೂ ರಸ್ತೆಗೆ ಅಡ್ಡ ಮರ, ಪೊಲೀಸರ ಹಳದಿ ಪಟ್ಟಿ. ನದಿ ಉಕ್ಕಿ ಕಾರುಗಳನ್ನು ದಾಟಿಸುವ ದೋಣಿ ನಿಂತಿತ್ತು. ದೊಡ್ಡ ಸೇತುವೆಯ ಮೇಲೆ ಕಾರುಗಳು ಇರುವೆಯ ಹಾಗೆ ಸರಿಯುತ್ತಿದ್ದವು. ಡ್ರೈ ಐಸಿನ ಹೊಗೆ ಉಸಿರು ಕಟ್ಟಿಸುತ್ತದೆಂದು ನಾಲ್ಕೂ ಕಿಟಕಿ ಇಳಿಸಿದ್ದರು. ಒಳಗೆ ಬಿಸಿ ಗಾಳಿ ನುಗ್ಗುತ್ತಿತ್ತು. ಹರಿಪ್ರಸಾದ ಎರಡನೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಅಲುಗಾಡದಂತೆ ಎರಡೂ ತೋಳುಗಳಿಂದ ತಬ್ಬಿ ಕೂತಿದ್ದರು.

ಲೀಸ್‌ಬರ್ಗಿನ ಹತ್ತಿರ ಅವರು ಮೆಲ್ಲಗೆ ಹೇಳಿದರು. "ಗುಲಾಬಿ, ನನ್ನ ಪ್ಯಾಂಟ್ ಒದ್ದೆ ಆಯ್ತು."

ಪೆಟ್ಟಿಗೆಯ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗುಲಾಬಿ ಕಾರನ್ನು ಬದಿಗೆ ನಿಲ್ಲಿಸಿದರು. ಸ್ಟೀರಿಂಗಿಗೆ ಹಣೆ ಒತ್ತಿ, ಬಾಯಿ ಮುಚ್ಚಿಕೊಂಡೇ ಅತ್ತರು. ಹರಿಪ್ರಸಾದ ತಡಕಾಡಿ ಅವರ ಬೆನ್ನು ಹುಡುಕಿ ಕೈಯಿಟ್ಟರು. ಹಾದುಹೋಗುವ ಕಾರುಗಳು ಹಾರ್ನ್ ಮಾಡುತ್ತಿದ್ದವು. ಆಮೇಲೆ ಗುಲಾಬಿ ಮುಖ ಒರೆಸಿಕೊಂಡು ಮತ್ತೆ ಹೊರಟರು, ಯಾಕೆಂದರೆ ಇನ್ನೊಂದು ಪೆಟ್ಟಿಗೆ ಇತ್ತು.

ಆಲ್ಡಿಯ ಗರಾಜಿನಲ್ಲಿ ವೇದಾ ಫ್ರೀಜರ್ ಖಾಲಿ ಮಾಡಿ ಕಾಯುತ್ತಿದ್ದರು. ತುರಿದ ತೆಂಗಿನಕಾಯಿ, ನುಗ್ಗೆಕಾಯಿ, ಅವರೆಕಾಳು, ಕರಿಬೇವಿನ ಪೊಟ್ಟಣಗಳು ಕಾಂಕ್ರೀಟ್ ನೆಲದ ಮೇಲೆ ಕರಗುತ್ತಾ ಬಿದ್ದಿದ್ದವು. ಐಸಿನ ಪೆಟ್ಟಿಗೆಯ ಗೊಂಬೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಗುಲಾಬಿ ಅವನ್ನು ಫ್ರೀಜರಿನಲ್ಲಿ ಮಲಗಿಸಿದರು. ಆಮೇಲೆ ಎರಡನೆಯ ಪೆಟ್ಟಿಗೆಯ ಮುಚ್ಚಳ ತೆಗೆದರು. ಟವೆಲುಗಳು ತೊಯ್ದು ಹೋಗಿದ್ದವು. ಕುದುರೆಯ ಕಾಲುಗಳು ಆಗಲೇ ಒಳಕ್ಕೆ ಬಾಗಿದ್ದವು.

"ಇದನ್ನೂ ಇಡಿ ಗುಲಾಬಿ ಅವ್ರೇ, ಜಾಗ ಇದೆ," ಎಂದರು ಶೇಷಾದ್ರಿ.

"ಇಟ್ಟೂ ಪ್ರಯೋಜನ ಇಲ್ಲ," ಎಂದರು ಗುಲಾಬಿ. ಆದರೂ ಇಟ್ಟರು.

ನಿರ್ದೇಶಕರು ಹಿಂದಿರುಗಿ ಬಂದು ಮೊದಲು ಕೇಳಿದ್ದು ಕುದುರೆಯನ್ನು. ಜನರೇಟರ್ ಯಾಕೆ ನಿಂತಿತೆಂಬ ಪ್ರಶ್ನೆ ಕಟ್ಟಡದ ಮಾಲೀಕರಿಗೂ ಲ್ಯಾಬಿಗೂ ನಡುವೆ ಎಳೆದಾಡಿ ಎಲ್ಲೋ ಸತ್ತುಹೋಯಿತು. ಐಸನ್ನು ಹಂಚಿಕೊಟ್ಟದ್ದನ್ನು ಗುಲಾಬಿ ಮುಚ್ಚಿಡಲಿಲ್ಲ. ಅದು ಅವರ ವಿರುದ್ಧದ ಮುಖ್ಯ ಮಾತಾಯಿತು. ಉಳಿದ ಗೊಂಬೆಗಳನ್ನು ಒಣಗಿಸಿ ಮುಗಿಸುವ ತನಕ ಅವರನ್ನು ಇರಿಸಿಕೊಂಡು, ಆಮೇಲೆ ಕೆಲಸದಿಂದ ತೆಗೆದರು. ಮೊರಿಕಾವಾ ತಮ್ಮ ಕಡೆ ಉತ್ಖನನದ ಮುಖ್ಯಸ್ಥನ ಸ್ಥಾನ ಬಿಟ್ಟುಕೊಟ್ಟರೆಂದು ಗುಲಾಬಿಗೆ ಬೇರೆಯವರಿಂದ ತಿಳಿಯಿತು.

2004ರ ಜೂನ್ ಕೊನೆಗೆ ಗುಲಾಬಿ ಗೊಂಬೆಗಳ ಜೊತೆ ಕಮಿತಾನಿಗೆ ಹೋದರು. ಯಾರೂ ಕಳಿಸಲಿಲ್ಲ, ತಾವೇ ಹೋದರು. ಊರ ಸಭೆಯ ಅದೇ ಚಾಪೆಯ ಮೇಲೆ ಮಂಡಿಯೂರಿ, ಉಳಿದವನ್ನು ಒಂದು ಕಡೆ, ಕೆಟ್ಟವನ್ನು ಒಂದು ಕಡೆ ಬಿಚ್ಚಿಟ್ಟರು. ಮುರುಟಿ ಕುಗ್ಗಿದ ಕುದುರೆಯನ್ನು ಊರಿನವರು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಗುಲಾಬಿಗೆ ಅನಿಸಿತು. ಮೊರಿಕಾವಾ ಬಾಗಿಲ ಬಳಿ ಕೂತು ದುಭಾಷಿಯ ಕೆಲಸ ಮಾತ್ರ ಮಾಡಿದರು. ಅವರ ಕಣ್ಣು ಗುಲಾಬಿಯ ಕಡೆ ತಿರುಗಲಿಲ್ಲ.

ತೋಮೆ ಕೆಟ್ಟ ಗೊಂಬೆಗಳನ್ನು ಕೇಳಿದಳು. ಅವನ್ನಾದರೂ ಹೊಳೆಗೆ ಬಿಡುತ್ತೇನೆ ಎಂದಳು. ಸಭೆಗೆ ಬಂದಿದ್ದ ಸರ್ಕಾರಿ ಅಧಿಕಾರಿಗಳು ಒಪ್ಪಲಿಲ್ಲ. ಕೆಟ್ಟರೂ ಅವು ರಾಷ್ಟ್ರದ ಸ್ವತ್ತು, ಉಗ್ರಾಣಕ್ಕೆ ಹೋಗಬೇಕು. ಮುದುಕಿ ಗುಲಾಬಿಯ ಮುಖ ನೋಡಿದಳು. ಗುಲಾಬಿಯ ಕೈಯಲ್ಲೂ ಏನೂ ಇರಲಿಲ್ಲ.

ಮರುದಿನ ಗುಡಿಯಲ್ಲಿ ವರ್ಷದ ನಡುವಿನ ಶುದ್ಧಿಯ ದಿನ. ಈಗ ಅಲ್ಲಿ ಮರದ ಬದಲು ಕಾಗದದ ಗೊಂಬೆ. ಗುಲಾಬಿ ಜನರ ಹಿಂದೆ, ದೂರದಲ್ಲಿ ನಿಂತಿದ್ದರು. ತೋಮೆ ಕಸಬರಿಕೆ ಒರಗಿಸಿಟ್ಟು ಬಂದು, ಮೊರಿಕಾವಾ ಅವರ ಮೂಲಕ ಕೇಳಿದಳು. "ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ?"

ಯಾರೂ ಆಕೆಗೆ ಹೇಳಿರಲಿಲ್ಲ. ಮುಖ ನೋಡಿ ತಿಳಿದುಕೊಂಡಿರಬೇಕು.

"ಗಂಡನಿಗೆ," ಎಂದರು ಗುಲಾಬಿ. "ಕಣ್ಣು."

ತೋಮೆ ಒಂದು ಕಾಗದದ ಗೊಂಬೆಯನ್ನೂ ಪೆನ್ನನ್ನೂ ಕೊಟ್ಟಳು. ಗುಲಾಬಿ ಹರಿಪ್ರಸಾದ ಎಂದು ಕನ್ನಡದಲ್ಲಿ ಬರೆದರು. ಉಳಿದವರು ಮಾಡಿದಂತೆ ಅದನ್ನು ತಮ್ಮ ಕಣ್ಣುಗಳಿಗೆ ಒತ್ತಿ, ಉಸಿರು ಊದಿ, ತೊರೆಗೆ ಬಿಟ್ಟರು. ಕಾಗದ ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ತೋಮೆ ಸೊಂಟ ಬಾಗಿಸಿ, ನೀರಿಗೆ ಕೈಹಾಕಿ, ಅಲೆ ಎಬ್ಬಿಸಿ ಅದನ್ನು ಮುಂದೆ ಕಳಿಸಿದಳು.

ಹರಿಪ್ರಸಾದರ ಕಣ್ಣು ಉಳಿಯಲಿಲ್ಲ. ಮರುವರ್ಷ ಚಳಿಗಾಲದ ಹೊತ್ತಿಗೆ ಬೆಳಕು ಕತ್ತಲೆಗಳಷ್ಟೇ ಗೊತ್ತಾಗುತ್ತಿದ್ದವು. ಅವರು ಕೋಲು ಹಿಡಿದು ನಡೆಯಲು ಕಲಿತರು, ಅನ್ನ ಆರು ಗಂಟೆಯಲ್ಲಿ, ಪಲ್ಯ ಮೂರು ಗಂಟೆಯಲ್ಲಿ ಎಂದು ಗಡಿಯಾರದ ಹಾಗೆ ತಟ್ಟೆಯನ್ನು ಓದಲು ಕಲಿತರು. ಕೆಲವು ದಿನ ಹಾಸಿಗೆಯಿಂದಲೇ ಏಳುತ್ತಿರಲಿಲ್ಲ. ಗುಲಾಬಿಗೆ ಸಂರಕ್ಷಣೆಯ ಕೆಲಸ ಮತ್ತೆಲ್ಲೂ ಸಿಗಲಿಲ್ಲ. ಆ ಲೋಕ ಚಿಕ್ಕದು, ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಒಂದು ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಕೆಲಸ ಹಿಡಿದರು. ಯುಗಾದಿಯ ಊಟಗಳಿಗೆ ಹೋಗುವುದು ಕಡಿಮೆಯಾಯಿತು. ವೇದಾ ಮಾತ್ರ ತಿಂಗಳಿಗೊಮ್ಮೆ ಆಲ್ಡಿಯಿಂದ ಬಂದು, ಹರಿಪ್ರಸಾದರಿಗೆ ಪತ್ರಿಕೆ ಓದಿ ಹೇಳಿ, ಸಾರು ಮಾಡಿಟ್ಟು ಹೋಗುತ್ತಿದ್ದರು.

2007ರ ಹೇಮಂತದಲ್ಲಿ ಮೊರಿಕಾವಾ ಫೋನ್ ಮಾಡಿದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ. ತೋಮೆ ತೀರಿಕೊಂಡಿದ್ದಳು. ಹಳೆಯ ತೊರೆಯ ಇನ್ನರ್ಧ ಅಗೆಯಲು ಉಳಿದಿತ್ತು, ಅದನ್ನು ಅಗೆಯಬಾರದೆಂದು ಊರಿನವರೂ ಅಧಿಕಾರಿಗಳೂ ಒಪ್ಪಿಕೊಂಡರು, ನಿನ್ನೆ ಗುಂಡಿ ಮುಚ್ಚಿಸಿದರು, ಮಣ್ಣು ಹಾಕುವಾಗ ನಾನೂ ಇದ್ದೆ ಎಂದರು.

"ಅಲ್ಲಿ ಇನ್ನೂ ಇದ್ದಾರಾ ಅವರು?" ಎಂದು ಗುಲಾಬಿ ಕೇಳಿದರು.

"ಬಹಳ ಜನ ಇದ್ದಾರೆ," ಎಂದರು ಮೊರಿಕಾವಾ. ಆಮೇಲೆ, "ಐಸು ತೆಗೆದುಕೊಂಡ ಆ ಹೆಂಗಸಿನ ಮಗು ಏನಾಯಿತು?" ಎಂದರು.

"ನನಗೆ ಗೊತ್ತಿಲ್ಲ. ಹೆಸರು ಕೂಡ ಕೇಳಲಿಲ್ಲ."

ನಾನು ಆ ಮಗುವಿನ ಬಗ್ಗೆ ಆಗಾಗ ಯೋಚಿಸುತ್ತೇನೆ ಎಂದು ಹೇಳಿ ಮೊರಿಕಾವಾ ಫೋನಿಟ್ಟರು.

ಗುಲಾಬಿ ಅಡುಗೆಮನೆಯಲ್ಲಿ ನಿಂತೇ ಇದ್ದರು. ಒಳಗಿನಿಂದ ಹರಿಪ್ರಸಾದ, "ಯಾರದು ಫೋನು?" ಎಂದು ಕೇಳಿದರು. ಗುಲಾಬಿ ಹೋಗಿ ಅವರ ಪಕ್ಕದಲ್ಲಿ ಮಂಚದ ಮೇಲೆ ಕೂತು, ಮೊದಲಿನಿಂದ ಹೇಳತೊಡಗಿದರು.